ಹಾರುವ ಬೆಳ್ಳಕ್ಕಿಯ ಛಾಯಾಚಿತ್ರ

ಕೃಷ್ಣೆಯ ದಂಡೆಯ ಕುಡಚಿ, ಉಗಾರಗಳ ಕಬ್ಬಿನ ಹೊಲಗಳಲ್ಲಿಯೂ ನಿಪ್ಪಾಣಿಯ ಕಡೆಗೆ ವೇದಗಂಗೆಯ ತೀರದಲ್ಲಿಯೂ ಬೆಳ್ಳಕ್ಕಿಗಳಿಗೆ ಕೊರತೆಯಿಲ್ಲ. ಮನೆಯಲ್ಲಿ ಕೆಮರಾ ಇದ್ದವರು ಮೊದಲು ಹಿಡಿಯಬಯಸುವುದು ಇವುಗಳ ಹಾರಾಟವನ್ನೇ. ಆದರೆ ಹಲವು ಸಲ ಚಿತ್ರದಲ್ಲಿ ಗರಿಯ ಗೆರೆಯೊಂದೂ ಕಾಣದೆ, ಸುಣ್ಣ ಸಿಡಿದಂಥ ಬಿಳಿಯ ಮಚ್ಚೆ ಮಾತ್ರ ಉಳಿಯುತ್ತದೆ. ಇದರ ಕಾರಣವನ್ನು ವಾಚಕರ ಮುಂದಿಡುತ್ತೇವೆ.

ಕೆಮರಾದೊಳಗಿನ ಬೆಳಕಿನ ಮಾಪಕವು ತನ್ನೆದುರಿಗೆ ಬಂದುದನ್ನೆಲ್ಲ ನಡುಬೂದಿಯ ಬಣ್ಣವೆಂದೇ ಲೆಕ್ಕಹಾಕುತ್ತದೆ. ಅಥಣಿ, ಚಿಕ್ಕೋಡಿಗಳ ಎರೆಹೊಲದ ಮೇಲೆ ಹಕ್ಕಿ ಹಾರುವಾಗ ಚೌಕಟ್ಟಿನ ಬಹುಭಾಗ ಕಪ್ಪು. ಆ ಕಪ್ಪನ್ನು ತಿಳಿಗೊಳಿಸಲೆಂದು ಮಾಪಕವು ಬೆಳಕನ್ನು ಹೆಚ್ಚಾಗಿ ಬಿಡುವುದರಿಂದ ಹಕ್ಕಿಯ ಬಿಳುಪು ಸುಟ್ಟುಹೋಗುತ್ತದೆ. ಹಾಗೆ ಸುಟ್ಟ ಗರಿಗಳ ವಿವರ ಮರಳಿ ಬಾರದು. ಅದೇ ಹಕ್ಕಿ ಹೊಳೆಯುವ ಮುಗಿಲಿಗೆ ಏರಿದರೆ ಮಾಪಕವು ಬೆಳಕನ್ನು ತಗ್ಗಿಸಿ ಹಕ್ಕಿಯನ್ನು ಕಂದಿಸುತ್ತದೆ. ಹಕ್ಕಿಯ ಮೇಲಿನ ಬಿಸಿಲಾದರೋ ಎರಡೂ ಕಡೆ ಒಂದೇ.

ಆದುದರಿಂದ ಬೆಳಕಿನ ಪ್ರಮಾಣವನ್ನು ಕೈಯಿಂದಲೇ ಗೊತ್ತುಮಾಡತಕ್ಕದ್ದು. ಬಿಸಿಲು ಚೆನ್ನಾಗಿ ಏರಿದ ಮೇಲೆ ಸೂರ್ಯನಿಗೆ ಬೆನ್ನುಮಾಡಿ ನಿಂತು ಐ.ಎಸ್.ಓ. 400, ಅಪರ್ಚರ್ ಎಫ್ 11, ವೇಗ ಸೆಕೆಂಡಿನ 1/1600 ಎಂದಿಟ್ಟರೆ ಬೆಳ್ಳಕ್ಕಿಗೆ ಸರಿಹೋಗುವುದು. ಕಪ್ಪಾದ ನೀರುಕಾಗೆಗೆ ಎಫ್ 8ಕ್ಕೋ 5.6ಕ್ಕೋ ತೆರೆಯಬೇಕು. ಎಳೆಬಿಸಿಲಿನಲ್ಲಿ ಬೆಳ್ಳಕ್ಕಿಗೂ ಎಫ್ 8 ಬೇಕಾದೀತು. ಒಂದು ಚಿತ್ರ ತೆಗೆದು, ಬಿಳಿಗರಿಗಳಲ್ಲಿ ಗೆರೆ ಕಾಣುವುದೋ ಎಂದು ನೋಡಿ ತಿದ್ದಿಕೊಳ್ಳುವುದು ಲೇಸು.

ಹಕ್ಕಿಯು ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಏಳುತ್ತದೆ, ಇಳಿಯುತ್ತದೆ. ಚಳಿಗಾಲದ ಮುಂಜಾನೆ ಮೂಡಣ ಗಾಳಿ ಬೀಸುವಾಗ ಮೂಡಲಿಗೆ ಬೆನ್ನುಮಾಡಿದರೆ ಬಿಸಿಲೂ ಗಾಳಿಯೂ ನಮ್ಮ ಹಿಂದಾಗಿ, ಹಕ್ಕಿ ನಮ್ಮತ್ತ ಮುಖಮಾಡಿ ಏಳುವುದು. ದೂರದಿಂದಲೇ ಅದನ್ನು ಹಿಂಬಾಲಿಸುತ್ತ ಸೊಂಟದಿಂದ ತಿರುಗಬೇಕು. ಗುಂಡಿ ಒತ್ತಿದ ಮೇಲೂ ಕೈ ತಟ್ಟನೆ ನಿಲ್ಲಬಾರದು. ಚೌಕಟ್ಟಿನಲ್ಲಿ ಹಕ್ಕಿಯ ಹಿಂದಿಗಿಂತ ಮುಂದೆ ಹೆಚ್ಚು ಜಾಗವಿರಲಿ. ಕೊಕ್ಕು ಅಂಚಿಗೆ ತಗುಲಿದರೆ ಗೋಡೆಗೆ ಬಡಿದಂತೆ ಕಾಣುವುದು. ಸುತ್ತ ಸಡಿಲು ಬಿಡದಿದ್ದರೆ ರೆಕ್ಕೆ ಬಿಚ್ಚಿದೊಡನೆ ತುದಿಗಳು ಹೊರಗುಳಿಯುತ್ತವೆ.

ಹಾರುವ ಚಿತ್ರ ಬೇಕೆಂದು ಮೇಯುವ ಹಕ್ಕಿಗೆ ಕಲ್ಲೆಸೆಯುವುದೂ ಕೂಗಿ ಎಬ್ಬಿಸುವುದೂ ಸಲ್ಲದು. ಬೆದರಿದ ಪ್ರತಿ ಹಾರಾಟಕ್ಕೂ ಅದು ಗಳಿಸಿದ ಕೂಳು ವೆಚ್ಚವಾಗುತ್ತದೆ. ಮಳೆಗಾಲದಲ್ಲಿ ಗೂಡಿನ ಮರದಿಂದ ಎಬ್ಬಿಸಿದರೆ ಮರಿಗಳು ಕಾಗೆಯ ಪಾಲಾದಾವು. ಗೂಡು-ಮೊಟ್ಟೆಗಳನ್ನು ಕದಡುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯೆಂದೇ ಎಣಿಸಿದೆ. ಹೊಲದಲ್ಲಿ ನೇಗಿಲೋ ಟ್ರ್ಯಾಕ್ಟರೋ ನಡೆದಾಗ ಬೆಳ್ಳಕ್ಕಿಗಳು ಹುಳುವನ್ನರಸಿ ತಾವಾಗಿಯೇ ಎದ್ದು ಕೂರುತ್ತಿರುತ್ತವೆ. ಹೊಲದೊಡೆಯನ ಅಪ್ಪಣೆ ಪಡೆದು ಬದುವಿನ ಮೇಲೆ ಸುಮ್ಮನೆ ಅರ್ಧ ತಾಸು ಕುಳಿತವರಿಗೆ ಚಿತ್ರವೂ ದೊರೆಯುವುದು, ಹಕ್ಕಿಯ ಹೊಟ್ಟೆಯೂ ತುಂಬುವುದು.