ಕೈಯಿಂದ ಕೈಗೆ ಹೋಗುವ ಮಾತು

ಮಳೆಗಾಲ ಬಂತೆಂದರೆ ನಮ್ಮ ಸೇಡಂ ಸೀಮೆಯ ಜನರ ಗಮನವೆಲ್ಲ ಕಾಗಿಣಾ ನದಿಯ ಕಡೆಗಿರುತ್ತದೆ. ನದಿ ತುಂಬಿ ಹರಿದಾಗ ಮಳಖೇಡದ ಸೇತುವೆ ಮುಳುಗಿ, ಕಲಬುರಗಿಯ ದಾರಿ ಕಟ್ಟಿಹೋಗುವುದುಂಟು. ಕೆಲವು ವರ್ಷಗಳ ಹಿಂದೆ ಅಂತಹ ಒಂದು ಮುಂಜಾನೆ ನನ್ನ ಮೊಮ್ಮಗನು ತನ್ನ ಮೊಬೈಲಿನಿಂದ ಒಂದು ಚಿತ್ರವನ್ನೂ ಒಂದೇ ಸಾಲನ್ನೂ ಗೆಳೆಯರಿಗೆ ಕಳುಹಿಸಿದನು: “ಸೇತುವೆ ಮ್ಯಾಲ ನೀರು ಬಂದದ, ಆರು ಗಂಟೆಗೆ ನಾನೇ ನೋಡೀನಿ, ಈ ಕಡಿ ಬರಬ್ಯಾಡ್ರಿ.” ಮಧ್ಯಾಹ್ನದೊಳಗೆ ಆ ಸಾಲು ಚಿಂಚೋಳಿ, ಚಿತ್ತಾಪುರ, ವಾಡಿಗಳನ್ನು ಸುತ್ತಿ ನನ್ನ ಬಳಿಗೇ ಮರಳಿ ಬಂದಿತು.

ಅದಕ್ಕೆ ಒಂದು ತಿಂಗಳ ಮೊದಲು ಅದೇ ಹುಡುಗನು ಮಳಖೇಡದ ಕೋಟೆಯನ್ನು ಕುರಿತು ವಿಡಿಯೋ ಒಂದನ್ನು ಮಾಡಿದ್ದನು. ಬಣ್ಣದ ಅಕ್ಷರಗಳು, ಅಬ್ಬರದ ಸಂಗೀತ, ಮಾತುಮಾತಿಗೆ ‘ಅದ್ಭುತ’, ‘ರೋಮಾಂಚಕ’. ಮೂರು ದಿನಗಳ ದುಡಿಮೆ. ಅದನ್ನು ನೋಡಿದವರಲ್ಲಿ ಯಾರೂ ಮತ್ತೊಬ್ಬರಿಗೆ ಕಳುಹಿಸಲಿಲ್ಲ. “ಹಿಂಗ್ಯಾಕ ಆಯ್ತು, ಮುತ್ಯಾ?” ಎಂದು ಅವನು ಕೇಳಿದನು.

ಒಬ್ಬರು ಇನ್ನೊಬ್ಬರಿಗೆ ಮಾತನ್ನು ದಾಟಿಸುವಾಗ ಅದರ ಜೊತೆಗೆ ತಮ್ಮ ಹೆಸರನ್ನೂ ಕೊಟ್ಟು ಕಳುಹಿಸುತ್ತಾರೆ. ಸೇತುವೆಯ ಸುದ್ದಿಯನ್ನು ದಾಟಿಸಿದವನಿಗೆ ಉಪಕಾರ ಮಾಡಿದ ಸಂತೋಷ ದೊರೆಯಿತು. ನೋಡಿದವರು ಯಾರು, ಎಷ್ಟು ಹೊತ್ತಿಗೆ ಎಂಬುದು ಅದರಲ್ಲಿಯೇ ಇದ್ದುದರಿಂದ ನಾಳೆ ತಲೆತಗ್ಗಿಸಬೇಕಾದ ಭಯವಿರಲಿಲ್ಲ. ಕೋಟೆಯ ವಿಡಿಯೋದಲ್ಲಿ ಕೊಡಲು ಏನಿತ್ತು? ಹುಡುಗನ ಉತ್ಸಾಹವೊಂದೇ. ಪರರ ಉತ್ಸಾಹವನ್ನು ಹೊತ್ತು ತಿರುಗುವಷ್ಟು ಪುರುಸೊತ್ತು ಯಾರಿಗಿದೆ!

ಆದರೆ ಬೇಗನೆ ಹರಡಿದ್ದೆಲ್ಲ ಒಳ್ಳೆಯ ಮಾತೆಂದು ನಾನು ಹೇಳಲಾರೆ. 2018ರ ಜುಲೈ ತಿಂಗಳಲ್ಲಿ ನಮ್ಮ ನೆರೆಯ ಬೀದರ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಹೈದರಾಬಾದಿನಿಂದ ಬಂದಿದ್ದ ತರುಣನೊಬ್ಬನನ್ನು ಮಕ್ಕಳ ಕಳ್ಳನೆಂದು ಬಗೆದು ಜನರು ಹೊಡೆದು ಕೊಂದರು. ಅವನ ಜೊತೆಯವರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟಿದ್ದರು. ಅಷ್ಟರಿಂದಲೇ ಹುಟ್ಟಿದ ಸಂಶಯವು ವಾಟ್ಸಾಪಿನ ಮೂಲಕ ಅವರಿಗಿಂತ ಮುಂದೆ ಓಡಿತ್ತು. ಅದನ್ನು ದಾಟಿಸಿದವರೂ ಉಪಕಾರವನ್ನೇ ಮಾಡುತ್ತಿದ್ದೇವೆಂದು ನಂಬಿದ್ದಿರಬೇಕು. ‘ನಾನೇ ನೋಡಿದ್ದೇನೆ’ ಎನ್ನಬಲ್ಲವನು ಮಾತ್ರ ಅವರಲ್ಲಿ ಒಬ್ಬನೂ ಇರಲಿಲ್ಲ. ಅದೇ ತಿಂಗಳು ವಾಟ್ಸಾಪ್ ಸಂಸ್ಥೆಯು, ಒಂದು ಸಂದೇಶವನ್ನು ಒಮ್ಮೆಗೆ ಐವರಿಗಿಂತ ಹೆಚ್ಚು ಕಡೆಗೆ ಕಳುಹಿಸದಂತೆ ಭಾರತದಲ್ಲಿ ಮಿತಿಯನ್ನು ಹಾಕಲು ಮುಂದಾಯಿತು.

ಹಿಂದೆ ಈ ಮಿತಿಯನ್ನು ಯಾರೂ ಹಾಕಬೇಕಾಗಿರಲಿಲ್ಲ. ತಾಳೆಗರಿಯ ಮೇಲೆ ಕಂಟದಿಂದ ಒಂದೊಂದೇ ಅಕ್ಷರವನ್ನು ಕೊರೆಯುವವನು, ಈ ಮಾತು ಇಷ್ಟು ಶ್ರಮಕ್ಕೆ ಯೋಗ್ಯವೇ ಎಂದು ಯೋಚಿಸಿಯೇ ಕೊರೆಯುತ್ತಿದ್ದನು. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಕಲ್ಯಾಣದ ಶರಣರ ವಚನಗಳು ಚಿಕ್ಕವು, ಆಡುಮಾತಿಗೆ ಸಮೀಪವಾದವು. ಪ್ರತಿಯೊಂದರಲ್ಲಿಯೂ ಆಡಿದವರ ಗುರುತಾಗಿ ಅಂಕಿತವಿತ್ತು. ನೂರು ಬಾಯಿಗಳನ್ನು ದಾಟಿದರೂ ಅದು ಯಾರ ಮಾತೆಂಬುದು ಅಳಿಸಲಿಲ್ಲ. ಏಳುನೂರಕ್ಕೂ ಹೆಚ್ಚು ವರ್ಷಗಳ ಬಳಿಕ ಫ. ಗು. ಹಳಕಟ್ಟಿಯವರು ಮನೆಮನೆಯ ತಾಳೆಗರಿಗಳಲ್ಲಿ ಅವುಗಳನ್ನು ಹುಡುಕಿ ತೆಗೆದು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು.

ಇದೇ ಮಳಖೇಡವು ಮಾನ್ಯಖೇಟವೆಂಬ ರಾಷ್ಟ್ರಕೂಟರ ರಾಜಧಾನಿಯಾಗಿದ್ದಾಗ, ಸುಮಾರು 850ರ ಹೊತ್ತಿಗೆ, ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ‘ಕವಿರಾಜಮಾರ್ಗ’ವನ್ನು ರಚಿಸಿದನು. ಕನ್ನಡ ನಾಡಿನ ಜನರು ಹದವರಿತು ನುಡಿಯಬಲ್ಲರು, ನುಡಿದುದನ್ನು ಅರಿತು ವಿಚಾರಿಸಲೂ ಬಲ್ಲರು ಎಂದು ಆ ಗ್ರಂಥವು ನಮ್ಮನ್ನು ಹೊಗಳಿದೆ. ಹೊಗಳಿಕೆಯ ಮೊದಲ ಅರ್ಧವನ್ನು ನಾವು ಸಭೆಗಳಲ್ಲಿ ಅಭಿಮಾನದಿಂದ ಹೇಳುತ್ತೇವೆ. ಎರಡನೆಯ ಅರ್ಧಕ್ಕೆ ಇಂದಿಗೂ ನಾವು ಅರ್ಹರೇ ಎಂಬ ಸಂದೇಹ ನನಗೆ ಆಗಾಗ ಬರುತ್ತದೆ.

ಮೊಮ್ಮಗನು ಈಗ ಕೋಟೆಯ ವಿಡಿಯೋವನ್ನು ಹೊಸದಾಗಿ ಮಾಡುತ್ತಿದ್ದಾನೆ. ಸಂಗೀತವನ್ನು ತೆಗೆದುಹಾಕಿದ್ದಾನೆ. ನೆರೆ ಬಂದ ಒಂದು ವರ್ಷ ನೀರು ಎಲ್ಲಿಯವರೆಗೆ ಏರಿತ್ತೆಂಬುದನ್ನು ಊರಿನ ಹಿರಿಯರೊಬ್ಬರು ಗೋಡೆಯ ಮೇಲೆ ಕೈಯಿಟ್ಟು ತೋರಿಸಿದರಂತೆ. ಆ ವರ್ಷ ಯಾವುದೆಂದು ಇನ್ನಿಬ್ಬರನ್ನು ಕೇಳಿ ಖಚಿತಪಡಿಸಿಕೊಳ್ಳಲು ಈ ದಿನ ಬೆಳಗಿನ ಬಸ್ಸಿಗೆ ಪುನಃ ಮಳಖೇಡಕ್ಕೆ ಹೋಗಿದ್ದಾನೆ.