‘ಭರತಿ’ಯೂ ನಮ್ಮ ‘ಹೊರೆ’ಯೂ

ಕಳೆದ ವಾರ ಬಂಧುವೊಬ್ಬರು ಕಳುಹಿಸಿದ ಸಂದೇಶದಲ್ಲಿ ‘ಜಗತ್ತಿನ ಸಕಲ ಭಾಷೆಗಳಿಗೂ ಸಂಸ್ಕೃತವೇ ತಾಯಿ’ ಎಂಬ ಘೋಷಣೆಯಿತ್ತು. ಸಾಕ್ಷಿಯಾಗಿ ಮೂರು ಪದಗಳು: ಸಂಸ್ಕೃತದ ‘ಭರತಿ’, ಇಂಗ್ಲಿಷಿನ ‘ಬೇರ್’, ನಮ್ಮ ‘ಹೊರು’. ನಕ್ಕು ಸುಮ್ಮನಾಗಬಹುದಿತ್ತು. ಆದರೆ ಇದೇ ಮಾತನ್ನು ನಾನೂ ಒಂದು ಕಾಲಕ್ಕೆ ತರಗತಿಯಲ್ಲಿ ಹೇಳಿದವನು. ಅದನ್ನು ತಿದ್ದುವ ಋಣ ನನ್ನ ಮೇಲಿದೆ.

ಮೊದಲೆರಡು ಪದಗಳ ನಂಟು ನಿಜವೇ. ಗ್ರೀಕಿನಲ್ಲಿ ‘ಫೆರೊ’, ಲ್ಯಾಟಿನ್ನಿನಲ್ಲಿ ‘ಫೆರೊ’, ಆರ್ಮೇನಿಯನ್ನಿನಲ್ಲಿ ‘ಬೆರೆಮ್’. ಸಂಸ್ಕೃತದ ಪದಾದಿಯ ‘ಭ’ಕಾರಕ್ಕೆ ಇಂಗ್ಲಿಷಿನಲ್ಲಿ ‘ಬ’ಕಾರ ಬರುವುದು ನಿಯಮ; ‘ಭ್ರಾತಾ’ ಮತ್ತು ‘ಬ್ರದರ್’ ಪದಗಳನ್ನು ನೋಡಿ. ಆದರೆ ನಂಟಿದ್ದ ಮಾತ್ರಕ್ಕೆ ಒಂದು ಇನ್ನೊಂದರ ತಾಯಿಯಾಗದು. 1786ರಲ್ಲಿ ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಹೇಳಿದ್ದೂ, ಇವೆಲ್ಲಕ್ಕೂ ಬಹುಶಃ ಈಗ ಉಳಿದಿರದ ಮೂಲವೊಂದಿದೆ ಎಂದೇ. ಆ ಮೂಲಧಾತುವನ್ನು ವಿದ್ವಾಂಸರು ‘ಭೆರ್’ ಎಂದು ಪುನಾರಚಿಸಿದ್ದಾರೆ.

‘ಭರ್’ ಎನ್ನದೆ ‘ಭೆರ್’ ಎಂದೇಕೆ? ಉತ್ತರ ಸಂಸ್ಕೃತದೊಳಗೇ ಇದೆ. ‘ಕೃ’ ಧಾತುವಿನ ಲಿಟ್ ರೂಪ ‘ಚಕಾರ’. ದ್ವಿತ್ವದಲ್ಲಿ ‘ಕ’ವರ್ಗ ‘ಚ’ವರ್ಗವಾಗುವುದೆಂದು ಪಾಣಿನಿ ವಿಧಿಸಿದ. ಕಾರಣ ತಿಳಿದದ್ದು 1870ರ ದಶಕದಲ್ಲಿ: ಮೊದಲ ಅಕ್ಷರದಲ್ಲಿ ಹಿಂದೆ ಎಕಾರವಿತ್ತು, ಅದರ ಮುಂದೆ ‘ಕ’ ಮೃದುವಾಗಿ ‘ಚ’ ಆಯಿತು, ಎರಡನೆಯದರಲ್ಲಿ ಒಕಾರವಿದ್ದುದರಿಂದ ‘ಕ’ ಉಳಿಯಿತು. ಬಳಿಕ ಸಂಸ್ಕೃತದಲ್ಲಿ ಎರಡೂ ಸ್ವರಗಳು ಅಕಾರದಲ್ಲಿ ಬೆರೆತವು. ಗ್ರೀಕಿನ ‘ಲೆಲೊಯ್ಪ’ದಲ್ಲಿ ಆ ಎಕಾರ, ಒಕಾರಗಳು ಇನ್ನೂ ಇವೆ. ಮಗಳು ಕಾಪಾಡಿಕೊಂಡದ್ದನ್ನು ತಾಯಿ ಮೊದಲೇ ಕಳೆದುಕೊಂಡಿದ್ದಳೆಂದು ವಾದಿಸುವಿರಾ? ಸಂಸ್ಕೃತ ಗ್ರೀಕಿಗೆ ಸೋದರಿ, ತಾಯಿಯಲ್ಲ.

ಇನ್ನು ‘ಹೊರು’. ಹಳಗನ್ನಡದಲ್ಲಿ ಅದು ‘ಪೊಱು’. ತಮಿಳಿನಲ್ಲಿ ಇಂದಿಗೂ ‘ಪೊಱು’. ‘ಪಾಲ್’ ಹಾಲಾದಂತೆ, ‘ಪೂ’ ಹೂವಾದಂತೆ ಇಲ್ಲಿಯೂ ಪಕಾರ ಹಕಾರವಾಯಿತು. ‘ಭ’ಕಾರಕ್ಕೂ ಇದಕ್ಕೂ ಸಂಬಂಧವಿಲ್ಲ, ಹೋಲಿಕೆ ಕಾಕತಾಳೀಯ. ಕನ್ನಡದ ಕುಲವೇ ಬೇರೆಯೆಂಬುದನ್ನು 1816ರಲ್ಲಿ ಎಲ್ಲಿಸ್, 1856ರಲ್ಲಿ ಕಾಲ್ಡ್‌ವೆಲ್ ತೋರಿಸಿಕೊಟ್ಟರು.

ಸುಳ್ಳು ತಾಯ್ತನದಿಂದ ಸಂಸ್ಕೃತದ ಘನತೆ ಹೆಚ್ಚದು. ನಮ್ಮ ನುಡಿಯ ಹುಟ್ಟು ಮಾತ್ರ ಅಳಿಸಿಹೋಗುತ್ತದೆ. ‘ಭಾರವಾದ ಹೊರೆ’ ಎನ್ನುವಾಗ ನಾವು ಎರಡು ಕುಲಗಳ ಪದಗಳನ್ನು ಒಂದೇ ಉಸಿರಿನಲ್ಲಿ ನುಡಿಯುತ್ತೇವೆ. ‘ಭಾರ’ ಸಂಸ್ಕೃತದಿಂದ ಪಡೆದದ್ದು, ‘ಹೊರೆ’ ನಮ್ಮದು. ಪಡೆದುದಕ್ಕೆ ಕೃತಜ್ಞರಾಗಿರೋಣ, ಸ್ವಂತದ್ದನ್ನೂ ಸಾಲವೆಂದು ಬರೆದುಕೊಡುವುದು ಬೇಡ.