ಮನೆಯಲ್ಲಿ ಕಲಿಸುವುದಾದರೆ ಶಾಲೆಯ ನಕಲು ಬೇಡ

ಮೊನ್ನೆ ಬೆಳಿಗ್ಗೆ ಮದ್ರಸ ಬಿಟ್ಟು ಮಕ್ಕಳೆಲ್ಲ ಹೊರಟ ಮೇಲೆ ಒಬ್ಬರು ತಾಯಿ ಗೇಟಿನ ಹತ್ತಿರ ಕಾದು ನಿಂತಿದ್ದರು. ಅವರ ದೊಡ್ಡ ಮಗಳು ನನ್ನ ತರಗತಿಯಲ್ಲೇ ಕಲಿಯುವುದು. ಸಣ್ಣವನಿಗೆ ಈಗ ನಾಲ್ಕು ವರ್ಷ. "ಉಸ್ತಾದ್, ಇವನನ್ನು ಈ ವರ್ಷ ಎಲ್‌ಕೆಜಿಗೆ ಹಾಕುವುದಿಲ್ಲ. ಮನೆಯಲ್ಲೇ ಕಲಿಸುವ ಅಂತ ಉಂಟು. ಒಂದು ಟೈಮ್‌ಟೇಬಲ್ ಮಾಡಿದ್ದೇನೆ, ಸ್ವಲ್ಪ ನೋಡಿ ಹೇಳಿ" ಅಂದರು. ಗಂಡ ಗಲ್ಫಿನಲ್ಲಿ. ಫೀಸು, ವ್ಯಾನಿನ ಬಾಡಿಗೆ ಎಲ್ಲ ಲೆಕ್ಕ ಹಾಕಿ ಇಬ್ಬರೂ ಫೋನಿನಲ್ಲೇ ಮಾತಾಡಿ ತೀರ್ಮಾನ ಮಾಡಿದ್ದಾರೆ. ಆದರೆ ಅತ್ತೆಗೆ ಸಮಾಧಾನ ಇಲ್ಲ. "ನೆರೆಮನೆ ಮಗು ಟೈ ಕಟ್ಟಿಕೊಂಡು ಹೋಗುವಾಗ ನಮ್ಮ ಮಗು ಅಂಗಳದಲ್ಲಿ ಮಣ್ಣಾಡಿಕೊಂಡು ಇರುವುದಾ?" ಅಂತ ಅವರ ಮಾತು.

ಟೈಮ್‌ಟೇಬಲ್ ನೋಡಿದೆ. ಒಂಬತ್ತು ಗಂಟೆಯಿಂದ ಇಂಗ್ಲಿಷ್, ಮತ್ತೆ ಕನ್ನಡ, ಗಣಿತ, ಅರಬಿ, ಡ್ರಾಯಿಂಗ್, ಹೀಗೆ ದಿನಕ್ಕೆ ಎಂಟು ಪೀರಿಯಡ್. ನನಗೆ ನಗು ಬಂತು, ಆದರೆ ನಗಲಿಲ್ಲ. ಯಾಕೆಂದರೆ ಹತ್ತು ಹನ್ನೆರಡು ವರ್ಷದ ಹಿಂದೆ ನಾನೂ ಇದನ್ನೇ ಮಾಡಿದವನು.

ನನ್ನ ದೊಡ್ಡ ಮಗ ಮೂರೂವರೆ ವರ್ಷದವನಿದ್ದಾಗ ದಿನಾ ಮಗ್ರಿಬ್ ಆದ ಮೇಲೆ ಅವನನ್ನು ಸ್ಲೇಟು ಹಿಡಿಸಿ ಕೂರಿಸುತ್ತಿದ್ದೆ. ಮುಅಲ್ಲಿಮರ ಮಗ ಅಲ್ವಾ, ಎಲ್ಲರಿಗಿಂತ ಮುಂದೆ ಇರಬೇಕು ಅಂತ ನನ್ನ ಹಠ. ಬೆರಳು ಬಗ್ಗದ ಮಗುವಿನ ಕೈಯಲ್ಲಿ ಅಲಿಫ್ ಬರೆಸಿ, ಅ ಬರೆಸಿ, ಎ ಬರೆಸಿ, ತಪ್ಪಿದರೆ ಗದರಿಸಿ. ಕೆಲವು ತಿಂಗಳಾಗುವಾಗ ಬಾಂಗ್ ಕೇಳಿದ ಕೂಡಲೇ ಅವನು ಅಜ್ಜಿಯ ಹಿಂದೆ ಅಡಗಲು ಶುರು ಮಾಡಿದ. ಬಾಂಗ್ ಕೇಳಿ ಮಗು ಹೆದರುವುದು ಅಂದರೆ ಎಂತ ಅವಸ್ಥೆ, ನೀವೇ ಯೋಚಿಸಿ. ಮನೆಯವಳು ಒಂದು ದಿನ ಸ್ಲೇಟು ತೆಗೆದು ಅಟ್ಟದಲ್ಲಿಟ್ಟಳು. ಆಮೇಲೆ ಅವನು ಪುಸ್ತಕದ ಹತ್ತಿರ ತಾನಾಗಿ ಬರಲು ಎರಡು ವರ್ಷ ಬೇಕಾಯಿತು. ಆ ತಪ್ಪು ಬೇರೆ ಯಾರದ್ದೂ ಅಲ್ಲ, ನನ್ನದೇ.

ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಆರು ವರ್ಷದ ಒಳಗಿನ ಮಗುವನ್ನು ಮನೆಯಲ್ಲಿ ಕಲಿಸುವುದು ಒಳ್ಳೆಯದೇ. ಆದರೆ ಮನೆಯೊಳಗೆ ಶಾಲೆಯ ನಕಲು ಮಾಡುವುದಾದರೆ ಅದಕ್ಕಿಂತ ಶಾಲೆಯೇ ವಾಸಿ.

ಮೊದಲು ಹೆದರಿಕೆಯ ವಿಷಯ. ಎಲ್‌ಕೆಜಿ, ಯುಕೆಜಿ ಆಗದಿದ್ದರೆ ಮುಂದೆ ಒಂದನೇ ತರಗತಿಗೆ ಸೀಟು ಸಿಗುವುದಿಲ್ಲ ಅಂತ ಹೆಚ್ಚಿನವರ ಹೆದರಿಕೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರೆಗಿನ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣದ ಹಕ್ಕು ಕೊಟ್ಟಿದೆ. ಸೇರಿಸಿಕೊಳ್ಳುವಾಗ ಮಗುವಿಗೆ ಪರೀಕ್ಷೆ, ತಂದೆತಾಯಿಗೆ ಸಂದರ್ಶನ ಮಾಡಬಾರದು ಅಂತಲೂ ಅದೇ ಕಾಯ್ದೆ ಹೇಳುತ್ತದೆ. ಒಂದನೇ ತರಗತಿಗೆ ಬೇಕಾದದ್ದು ವಯಸ್ಸು. ಆದ್ದರಿಂದ ಮಗುವಿನ ಜನನ ಪ್ರಮಾಣಪತ್ರ, ಆಧಾರ್, ಲಸಿಕೆ ಕಾರ್ಡು ಇವುಗಳಲ್ಲಿ ಹೆಸರು, ಹುಟ್ಟಿದ ದಿನಾಂಕ ಒಂದೇ ರೀತಿ ಉಂಟಾ ಅಂತ ಈಗಲೇ ನೋಡಿಟ್ಟುಕೊಳ್ಳಿ. ನಮ್ಮವರಲ್ಲಿ ಒಂದರಲ್ಲಿ ಮುಹಮ್ಮದ್, ಇನ್ನೊಂದರಲ್ಲಿ ಮೊಹಮ್ಮದ್, ಮತ್ತೊಂದರಲ್ಲಿ ಬರೇ ಎಂ. ಅಂತ ಇರುತ್ತದೆ. ಮನೆಪಾಠದ ವರ್ಷಕ್ಕೆ ಮೊದಲ ತಯಾರಿ ಇದೇ.

ಎರಡನೆಯದು ಕ್ಯಾಲೆಂಡರ್. ನಮ್ಮ ಮಕ್ಕಳಿಗೆ ಎರಡು ವರ್ಷ ಉಂಟು. ಶಾಲೆಯ ವರ್ಷ ಮಳೆಯ ಜೊತೆ ಶುರು, ಮದ್ರಸದ ವರ್ಷ ಪೆರ್ನಾಲ್ ಕಳೆದು ಶವ್ವಾಲಿನಲ್ಲಿ ಶುರು. ಚಾಂದ್ರ ವರ್ಷ ಸೌರ ವರ್ಷಕ್ಕಿಂತ ಹತ್ತು ಹನ್ನೊಂದು ದಿನ ಸಣ್ಣದು. 2025ರಲ್ಲಿ ರಮಝಾನ್ ಮಾರ್ಚಿನಲ್ಲಿತ್ತು. 2030ಕ್ಕೆ ಬರುವಾಗ ಜನವರಿಯಲ್ಲಿ ಒಂದು ರಮಝಾನ್, ಅದೇ ವರ್ಷದ ಡಿಸೆಂಬರ್ ಕೊನೆಗೆ ಇನ್ನೊಂದು ಶುರುವಾಗುತ್ತದೆ. ಅಂದರೆ ಮುಂದಿನ ವರ್ಷಗಳಲ್ಲಿ ಶಾಲೆಯ ಪಾಠ ಜೋರಾಗಿರುವಾಗಲೇ ನೋಂಬು ಬರುವುದು. ಪುಸ್ತಕ ನೋಡಿ ಹನ್ನೆರಡು ತಿಂಗಳ ಪಟ್ಟಿ ಹಾಕಿದರೆ ನೋಂಬಿನ ತಿಂಗಳಲ್ಲಿ ಅದು ಖಂಡಿತ ಮುರಿಯುತ್ತದೆ. ತಾಯಿಗೆ ಅತ್ತಾಳದ ಕೆಲಸ, ನೋಂಬು ತೆರೆಯುವ ಹೊತ್ತಿನ ಕೆಲಸ. ಆ ತಿಂಗಳನ್ನು ಮೊದಲೇ ಪಾಠದಿಂದ ಬಿಟ್ಟುಬಿಡಿ. ಖರ್ಜೂರ ಎಣಿಸಿ ತಟ್ಟೆಗೆ ಹಾಕುವುದು, ಚಂದ್ರನನ್ನು ದಿನಾ ನೋಡುವುದು, ನೆರೆಮನೆಗೆ ತಿಂಡಿ ಕೊಟ್ಟು ಬರುವುದು, ಇಷ್ಟೇ ಅವನ ಪಾಠ. ಮಳೆಗಾಲದಲ್ಲಿ ಹೊರಗೆ ಹೋಗಲಿಕ್ಕೆ ಆಗದ ಎರಡು ತಿಂಗಳನ್ನು ಕಥೆಗೆ, ಬಣ್ಣಕ್ಕೆ ಇಡಿ. ಅಂಗಳದ ಕೆಲಸ ಮಳೆ ಬಿಟ್ಟ ಮೇಲೆ.

ಮೂರನೆಯದು ಅಕ್ಷರ. ಅರಬಿಯಲ್ಲಿ 28, ಕನ್ನಡದಲ್ಲಿ 49, ಇಂಗ್ಲಿಷಿನಲ್ಲಿ 26. ಸಣ್ಣ ದೊಡ್ಡ ಎರಡೂ ಹಿಡಿದರೆ 52. ಒಟ್ಟು 129 ಆಕಾರ. ಅದರಲ್ಲಿ ಒಂದು ಬಲದಿಂದ ಎಡಕ್ಕೆ, ಎರಡು ಎಡದಿಂದ ಬಲಕ್ಕೆ. ಅರಬಿ ಅಕ್ಷರವಂತೂ ಪದದ ಮೊದಲಲ್ಲಿ, ನಡುವೆ, ಕೊನೆಯಲ್ಲಿ ಬೇರೆ ಬೇರೆ ರೂಪ. ಇಷ್ಟನ್ನೂ ನಾಲ್ಕು ವರ್ಷದ ಮಗುವಿನ ಮೇಲೆ ಒಟ್ಟಿಗೆ ಹೇರುವುದು ನ್ಯಾಯವಾ? ನಮ್ಮಲ್ಲಿ ಮದ್ರಸಕ್ಕೆ ಬರುವ ಮಕ್ಕಳಲ್ಲಿ ನಾನು ಕಂಡದ್ದು: ಮನೆಯಲ್ಲಿ ಬಾಯಿಪಾಠ ಚೆನ್ನಾಗಿ ಕೇಳಿ ಬಂದ ಮಗು ಅಕ್ಷರ ಬೇಗ ಹಿಡಿಯುತ್ತದೆ. ಬರೇ ಬರೆದು ಬಂದ ಮಗುವಿಗೆ ಹುರೂಫ್ ಉಚ್ಚಾರ ತಿದ್ದಲಿಕ್ಕೆ ನಾನು ಪಡುವ ಪಾಡು ನನಗೇ ಗೊತ್ತು. ಆದ್ದರಿಂದ ಮೊದಲ ಆರು ತಿಂಗಳು ಕಿವಿ ಮತ್ತು ಬಾಯಿ ಮಾತ್ರ. ಆಮೇಲೆ ಒಂದು ಲಿಪಿ. ಅದು ಗಟ್ಟಿಯಾದ ಮೇಲೆ ಇನ್ನೊಂದು.

ಕಿವಿಗೆ ಏನು ಕೊಡಬೇಕು? ಮೊದಲು ಬ್ಯಾರಿ ಬಾಸೆ. 2009ರಲ್ಲಿ ಸರಕಾರ ನಮಗೆ ಬ್ಯಾರಿ ಸಾಹಿತ್ಯ ಅಕಾಡೆಮಿ ಕೊಟ್ಟಿತು. ಆದರೆ ನಮ್ಮ ಮನೆಗಳಲ್ಲೇ ಮಗುವಿನ ಜೊತೆ "ಕಮ್, ಸಿಟ್, ಈಟ್" ಅಂತ ಮಾತಾಡುವುದು ಜಾಸ್ತಿಯಾಗಿದೆ. ತಾಯಿಗೂ ಸರಿ ಬಾರದ ಇಂಗ್ಲಿಷ್, ಮಗುವಿಗೂ ಅರ್ಥವಾಗದ ಇಂಗ್ಲಿಷ್. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೂಡ ಸಣ್ಣ ಮಕ್ಕಳಿಗೆ ಮನೆಮಾತಿನಲ್ಲಿ ಕಲಿಸಿ ಅಂತಲೇ ಹೇಳುವುದು. ಅಜ್ಜಿಯ ಕಥೆ ಬ್ಯಾರಿಯಲ್ಲಿ, ಎಣಿಕೆ ಒನ್ನು, ರಂಡು, ಮೂನು ಅಂತ ಬ್ಯಾರಿಯಲ್ಲಿ. ಅಂಗಡಿಗೆ ಹೋದಾಗ ಕನ್ನಡ, ನೆರೆಯವರ ಜೊತೆ ತುಳು. ಕರಾವಳಿಯ ಮಗುವಿಗೆ ಇದೊಂದು ಸೌಭಾಗ್ಯ. ಇಂಗ್ಲಿಷ್ ಮುಂದೆ ಬಂದೇ ಬರುತ್ತದೆ, ಎಲ್ಲಿಗೂ ಓಡಿಹೋಗುವುದಿಲ್ಲ.

ಆ ತಾಯಿಯ ಎಂಟು ಪೀರಿಯಡಿನ ಹಾಳೆಯ ಹಿಂಬದಿಯಲ್ಲಿ ನಾನು ನಾಲ್ಕೇ ಸಾಲು ಬರೆದೆ. ಬೆಳಿಗ್ಗೆ ಇಪ್ಪತ್ತು ನಿಮಿಷ ದುಆ, ಸಣ್ಣ ಸೂರತ್, ಕೇಳಿ ಹೇಳುವುದು. ಅಡುಗೆ ಹೊತ್ತಿನಲ್ಲಿ ಜೊತೆಗೆ ಕೆಲಸ: ಪುಂಡಿಗೆ ಹಿಟ್ಟಿನ ಉಂಡೆ ಮಾಡಲಿ, ಬೆರಳಿಗೆ ಅದಕ್ಕಿಂತ ಒಳ್ಳೆಯ ಅಭ್ಯಾಸ ಇಲ್ಲ, ಮಾಡಿದ್ದನ್ನು ಎಣಿಸಲಿ. ಸಂಜೆ ಒಂದು ಗಂಟೆ ಬೇರೆ ಮಕ್ಕಳ ಜೊತೆ ಆಟ. ಮಲಗುವ ಮುಂಚೆ ಒಂದು ಕಥೆ. ಶುಕ್ರವಾರ ರಜೆ. ಮೊಬೈಲ್‌ಗೆ ಪಟ್ಟಿಯಲ್ಲಿ ಜಾಗ ಇಲ್ಲ. ಒಂದೇ ಬಿಟ್ಟು: ರಾತ್ರಿ ಬಾಪ ಫೋನ್ ಮಾಡುವಾಗ ಆ ದಿನ ಕಲಿತದ್ದನ್ನು ಮಗು ಬಾಪನಿಗೆ ಹೇಳಬೇಕು. ದೂರದಲ್ಲಿರುವ ಬಾಪನೂ ಉಸ್ತಾದ್ ಆಗಲಿ. ಫೀಸು ಕಳಿಸಿದರೆ ಅವರ ಜವಾಬ್ದಾರಿ ಮುಗಿಯಿತಾ?

"ಇಷ್ಟು ಸಾಕಾ ಉಸ್ತಾದ್?" ಅಂತ ಕೇಳಿದರು. ನಮಾಝನ್ನೇ ಏಳನೇ ವಯಸ್ಸಿನಲ್ಲಿ ಆದೇಶಿಸಿ ಅಂತ ಪ್ರವಾದಿಯವರು (ಸ.ಅ) ಕಲಿಸಿದ್ದಾರೆ. ದೀನಿನ ಅಷ್ಟು ದೊಡ್ಡ ವಿಷಯಕ್ಕೇ ಮಗುವಿಗೆ ಏಳು ವರ್ಷ ಸಮಯ ಇರುವಾಗ ಎಬಿಸಿಡಿಗೆ ನಮಗೆ ಯಾಕೆ ಇಷ್ಟು ಅರ್ಜೆಂಟ್?

ಹಾಗಂತ ಎಲ್ಲರೂ ಹೀಗೆ ಮಾಡಿ ಅಂತ ನಾನು ಹೇಳುವುದಿಲ್ಲ. ತಾಯಿ ಬೀಡಿ ಕಟ್ಟಲು ಕೂರುವ ಮನೆ, ಹೊರಗೆ ದುಡಿಯುವ ಮನೆ, ಕಾಯಿಲೆಯವರಿರುವ ಮನೆ, ಅಲ್ಲಿ ಈ ಭಾರ ತಾಯಿಯ ತಲೆಗೇ ಬೀಳುತ್ತದೆ. ಅಂಥವರು ಊರಿನ ಅಂಗನವಾಡಿ ನೋಡಿ. 1975ರಿಂದ ನಡೆದು ಬಂದ ಯೋಜನೆ ಅದು. 3ರಿಂದ 6 ವರ್ಷದ ಮಕ್ಕಳಿಗೆ ಆಟ, ಪಾಠ, ಆಹಾರ ಉಂಟು, ಎಲ್ಲ ಜಾತಿ ಧರ್ಮದ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಅದು ಬಡವರದ್ದು ಅಂತ ಮೂಗು ಮುರಿಯುವುದು ನಮ್ಮ ದೊಡ್ಡಸ್ತಿಕೆ ಅಷ್ಟೇ.

ಕೊನೆಗೆ ಒಂದು ಮಾತು, ಇದನ್ನು ಬರೆಯಲೇಬೇಕು. ಮನೆಪಾಠಕ್ಕೆ ಶುರುವಾಗುವ ದಿನ ಇರುವ ಹಾಗೆ ಮುಗಿಯುವ ದಿನವೂ ಬೇಕು. ಆರು ತುಂಬಿದರೆ ಶಾಲೆ. "ಮನೆಯಲ್ಲೇ ಕಲೀತಾಳೆ ಬಿಡಿ" ಎಂಬ ಮಾತು ಹೆಚ್ಚಾಗಿ ಹೆಣ್ಣುಮಕ್ಕಳ ವಿಷಯದಲ್ಲೇ ಕೇಳುವುದು ಯಾಕೆ? ನಮ್ಮ ತಾಯಂದಿರಲ್ಲಿ ಎಷ್ಟೋ ಮಂದಿ ಕುರ್‌ಆನ್ ಓದಬಲ್ಲವರು, ಆದರೆ ಬಸ್ಸಿನ ಬೋರ್ಡು ಓದಲು ಇನ್ನೊಬ್ಬರ ಮುಖ ನೋಡಿದವರು. ನನ್ನ ಉಮ್ಮ ಅವರಲ್ಲಿ ಒಬ್ಬರು. ಬ್ಯಾಂಕಿಗೆ ಹೋದರೆ ಹೆಬ್ಬೆಟ್ಟಿಗೆ ಶಾಯಿ ಹಚ್ಚಿಸಿಕೊಂಡು, ಮನೆಗೆ ಬಂದು ಸೋಪಿನಲ್ಲಿ ಉಜ್ಜಿ ಉಜ್ಜಿ ತೊಳೆಯುತ್ತಿದ್ದರು. ಮನೆಪಾಠದ ಹೆಸರಿನಲ್ಲಿ ಆ ಶಾಯಿ ನಮ್ಮ ಮೊಮ್ಮಕ್ಕಳ ಬೆರಳಿಗೆ ಮತ್ತೆ ಹತ್ತಬಾರದು.

ಆ ತಾಯಿಗೆ ಕೊಟ್ಟ ಹಾಳೆಯ ಕೆಳಗೆ ಐದನೆಯ ಸಾಲಾಗಿ ಮಗುವಿಗೆ ಆರು ತುಂಬುವ ದಿನಾಂಕ ಕೇಳಿ ಬರೆದುಕೊಟ್ಟೆ. ಅದನ್ನು ಅಡುಗೆಮನೆಯ ಕ್ಯಾಲೆಂಡರಿನ ಹತ್ತಿರ ಅಂಟಿಸಿ ಅಂತ ಹೇಳಿದ್ದೇನೆ. ಅತ್ತೆಗೆ ಕಾಣುವ ಹಾಗೆ.